ಮೂರನೇ ಕವರು

ಅವರು ತೀರಿಕೊಂಡ ದಿನ ನಮ್ಮ ಕನ್ನಡದವರ ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ 'ಹಿರಿಯ ಸಮಾಜಸೇವಕರು' ಎಂದು ಬರೆದರು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಅವರು ಓದಿದ್ದರೆ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿಕೊಳ್ಳುತ್ತಾ, "ಯಾವ ಸಮಾಜಕ್ಕೆ ಏನು ಸೇವೆ ಮಾಡಿದೀನಯ್ಯ ನಾನು? ಒಂದು ಸಾಲು ಹೊಡೆದು ಹಾಕಿ ಅಂತ ಹದಿನೈದು ವರ್ಷ ಜನರ ತಲೆ ತಿಂದಿದೀನಿ, ಅಷ್ಟೆ" ಅನ್ನುತ್ತಿದ್ದರು.

ತಲೆ ತಿನ್ನುತ್ತಿದ್ದರು ಅನ್ನುವುದು ನಿಜ. ನಮ್ಮ ಮಕ್ಕಳು ಅವರಿಗೆ ಕಾನ್‌ಸ್ಟಿಟ್ಯೂಶನ್ ಅಂಕಲ್ ಎಂದೇ ಹೆಸರಿಟ್ಟಿದ್ದರು. ನನಗೆ ಅವರ ಪರಿಚಯವಾದದ್ದು ಅಮೆರಿಕದ ಸಿಯಾಟಲ್ ಹತ್ತಿರ, ಬಾತೆಲ್‌ನ ಒಂದು ಶಾಲೆಯ ಊಟದ ಹಾಲಿನಲ್ಲಿ, ಯುಗಾದಿಯ ದಿನ. ನಾನು ತಟ್ಟೆಯಲ್ಲಿ ಬಿಸಿಬೇಳೆಬಾತ್ ಹಾಕಿಸಿಕೊಂಡು ಜಾಗ ಹುಡುಕುತ್ತಿದ್ದೆ. ಒಬ್ಬರು ಕುರ್ಚಿ ಎಳೆದು ಕೊಟ್ಟರು. ಕುಳ್ಳಗೆ, ಗಟ್ಟಿಮುಟ್ಟಾಗಿ, ಜೇಬಿನಲ್ಲಿ ಒಂದು ಕಡೆ ಕೆಂಪು ಇನ್ನೊಂದು ಕಡೆ ನೀಲಿ ಇರುವ ಪೆನ್ಸಿಲ್ ಇಟ್ಟುಕೊಂಡ ಎಪ್ಪತ್ತು ದಾಟಿದ ಮನುಷ್ಯ.

"ಎಷ್ಟು ವರ್ಷ ಆಯ್ತು ಇಲ್ಲಿಗೆ ಬಂದು?"

"ಹನ್ನೆರಡು ವರ್ಷ ಸರ್."

"ಈ ರಾಜ್ಯದ ಸಂವಿಧಾನ ಓದಿದೀಯಾ?"

ನಾನು ನಕ್ಕೆ. ಅವರು ನಗಲಿಲ್ಲ.

"ಬಾಡಿಗೆ ಮನೆ ಅಗ್ರಿಮೆಂಟಾದ್ರೂ ಓದಿ ಸೈನ್ ಹಾಕ್ತೀವಲ್ಲಯ್ಯ. ಇಲ್ಲಿ ಮನೆ ತಗೊಂಡಿದೀಯ, ಮಕ್ಕಳು ಹುಟ್ಟಿದಾವೆ, ಇನ್ನೂ ಓದಿಲ್ವಾ?"

ಇಲ್ಲಿ ದೇಶಕ್ಕೆ ಒಂದು ಸಂವಿಧಾನ ಇರುವಂತೆ ಪ್ರತಿ ರಾಜ್ಯಕ್ಕೂ ತನ್ನದೇ ಇನ್ನೊಂದು ಇದೆ ಎಂಬುದೇ ನನಗೆ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ವಾಷಿಂಗ್ಟನ್ ರಾಜ್ಯದ್ದು ರೈಲು, ಕುದುರೆಗಾಡಿಗಳ ಕಾಲದಲ್ಲಿ ಬರೆದದ್ದು. ಅಧಿಕಾರದಲ್ಲಿ ಇರುವವರು ರೈಲಿನ ಬಿಟ್ಟಿ ಪಾಸು ತೆಗೆದುಕೊಳ್ಳಬಾರದು ಎಂಬ ಸಾಲು ಅದರಲ್ಲಿ ಇವತ್ತಿಗೂ ಇದೆಯಂತೆ. ಅದನ್ನು ಹೇಳಿ ಅವರು ಮೊದಲ ಸಲ ನಕ್ಕರು. "ಬರೆದ ಮೇಲೆ ನೂರಕ್ಕೂ ಹೆಚ್ಚು ಸಲ ತೇಪೆ ಹಾಕಿದಾರೆ. ಬಟ್ಟೆ ಯಾವುದು, ತೇಪೆ ಯಾವುದು ತಿಳಿಯಲ್ಲ. ಇಡೀದು ಹೊಸದಾಗಿ ಬರೀಬೇಕು ಕಣಯ್ಯ."

ಮಂಡ್ಯದ ಕಡೆಯವರು. ನಲವತ್ತೈದು ವರ್ಷದ ಹಿಂದೆ ಬಂದು ಒಂದು ವಿಮಾನದ ಕಂಪನಿಯಲ್ಲಿ ಕೆಲಸಕ್ಕೆ ಸೇರಿದವರು. ವಿಮಾನ ಕಟ್ಟುವ ಕೆಲಸವಲ್ಲ. ರಿಪೇರಿಯವರು ಕೈಯಲ್ಲಿ ಹಿಡಿದು ನೋಡುವ ದಪ್ಪ ದಪ್ಪ ಪುಸ್ತಕಗಳನ್ನು ತಿದ್ದುವ ಕೆಲಸ. ಒಂದು ನಟ್ಟು ಬದಲಾದರೆ ಒಂದು ಹಾಳೆ ಬದಲಾಗಬೇಕು. ಬದಲಾದ ಸಾಲಿನ ಪಕ್ಕ ಅಂಚಿನಲ್ಲಿ ಒಂದು ಕಪ್ಪು ಗೆರೆ ಎಳೆಯಬೇಕು, ಓದುವವನ ಕಣ್ಣು ಅಲ್ಲಿ ನಿಲ್ಲಬೇಕು. ಮಾತಿನ ಮಧ್ಯೆ ಏನಾದರೂ ಮುಖ್ಯ ಅನ್ನಿಸಿದರೆ ಅವರು ಗಾಳಿಯಲ್ಲಿ ಬೆರಳಿನಿಂದ ಮೇಲಿಂದ ಕೆಳಕ್ಕೆ ಒಂದು ಗೆರೆ ಎಳೆಯುತ್ತಿದ್ದರು. "ಹಳೇ ಹಾಳೆ ಇಟ್ಕೊಂಡು ರಿಪೇರಿ ಮಾಡಿದ್ರೆ ವಿಮಾನ ಬೀಳುತ್ತೆ. ಬಿದ್ದ ಮೇಲೆ ಯಾರು ಬರೆದ್ರು ಅಂತ ಹುಡುಕ್ತಾರೆ."

ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ನಾವಿಬ್ಬರೂ ನಾರ್ತ್ ಕ್ರೀಕ್ ಎಂಬ ಹಳ್ಳದ ಪಕ್ಕದ ಕಾಲುದಾರಿಯಲ್ಲಿ ನಡೆಯುವುದು ರೂಢಿಯಾಯಿತು. ಫ್ರೀವೇ ಹೆದ್ದಾರಿಯ ಸದ್ದು ಒಂದು ಕಡೆ, ಹಳ್ಳದ ಸದ್ದು ಇನ್ನೊಂದು ಕಡೆ. ಚಳಿಗಾಲದಲ್ಲಿ ಸಂಜೆಯಾಗುತ್ತಿದ್ದಂತೆ ಅಲ್ಲಿಗೆ ಸಾವಿರಗಟ್ಟಲೆ ಕಾಗೆಗಳು ಬಂದು ಮರಗಳನ್ನೆಲ್ಲ ಕಪ್ಪು ಮಾಡಿಬಿಡುತ್ತವೆ. "ನಮ್ಮೂರಲ್ಲಿ ತಿಥಿ ದಿನ ಒಂದು ಕಾಗೆ ಬರಲಿ ಅಂತ ಕಾದು ಕಾದು ಸಾಕಾಗುತ್ತೆ. ಇಲ್ಲಿ ನೋಡು, ಹಸಿದಿರೋ ಪಿತೃಗಳೆಲ್ಲ ವೀಸಾ ತಗೊಂಡು ಬಂದಂಗಿದೆ" ಅನ್ನುತ್ತಿದ್ದರು. ಇಂಥ ಮಾತು ಆಡುವಾಗ ಅವರ ಮುಖ ಒಂದಿಷ್ಟೂ ಅಲುಗುತ್ತಿರಲಿಲ್ಲ.

ಅವರ ಮಗಳು ವಸುಧಾ ಕೆಲವೊಮ್ಮೆ ನಮ್ಮ ಜೊತೆ ಬರುತ್ತಿದ್ದಳು. ಹುಟ್ಟಿದಾಗಲೇ ಡೌನ್ ಸಿಂಡ್ರೋಮ್. ಒಂದು ದಿನಸಿ ಅಂಗಡಿಯಲ್ಲಿ ಗಿರಾಕಿಗಳ ಸಾಮಾನನ್ನು ಚೀಲಕ್ಕೆ ತುಂಬಿ ಕೊಡುವ ಕೆಲಸ ಮಾಡುತ್ತಾಳೆ. ಮೊಟ್ಟೆ ಯಾವತ್ತೂ ಒಡೆದಿಲ್ಲ, ಅದು ಅವಳ ಹೆಮ್ಮೆ. ಮೊದಲ ದಿನ ನಾನು ಸಲುಗೆಯಿಂದ "ಏನು ಪುಟ್ಟಿ, ಚೆನ್ನಾಗಿದೀಯಾ?" ಎಂದೆ. ಅವರು ನಿಂತುಬಿಟ್ಟರು. "ಅವಳಿಗೆ ಮೂವತ್ತು ದಾಟಿದೆ ಕಣಯ್ಯ. ಹೆಸರಿದೆ. ಹೆಸರು ಹಿಡಿದು ಮಾತಾಡಿಸು." ಅವತ್ತಿನಿಂದ ವಸುಧಾ ಎಂದೇ ಕರೆದೆ.

ಇನ್ನೊಂದು ವಿಷಯ ಹೇಳಬೇಕು. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆಲ್ಲ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ವಸುಧಾ ಕನ್ನಡದಲ್ಲೇ ಉತ್ತರ ಕೊಡುತ್ತಾಳೆ. ಅವಳು ಚಿಕ್ಕವಳಿದ್ದಾಗ ಎರಡು ಭಾಷೆ ಕಲಿಸಬೇಡಿ, ಮಗು ಗೊಂದಲ ಮಾಡಿಕೊಳ್ಳುತ್ತದೆ ಎಂದು ಹೇಳಿದವರಿದ್ದರು. "ನಾನು ಅವಳ ಜೊತೆ ಯಾವ ಭಾಷೇಲಿ ಅಳಲಿ, ಯಾವ ಭಾಷೇಲಿ ನಗಲಿ ಅಂತ ಅವರು ಹೇಳಲಿಲ್ಲ" ಅನ್ನುತ್ತಿದ್ದರು.

ಸಂವಿಧಾನದ ಹುಚ್ಚು ಅವರಿಗೆ ಎಲ್ಲಿಂದ ಹಿಡಿಯಿತು ಎಂಬುದು ನನಗೆ ಎರಡು ವರ್ಷದ ನಂತರ ತಿಳಿಯಿತು. ಅವತ್ತು ವಸುಧಾ ಬಂದಿರಲಿಲ್ಲ. ಅವರು ದಾರಿಯ ಪಕ್ಕದ ಬೆಂಚಿನ ಮೇಲೆ ಕೂತು ಹೇಳಿದರು.

ವಸುಧಾಗೆ ಹದಿನೆಂಟು ತುಂಬಿದಾಗ, ಅವಳ ಪರವಾಗಿ ಆಸ್ಪತ್ರೆಯಲ್ಲಿ ಸಹಿ ಹಾಕುವುದಕ್ಕೆ, ಬ್ಯಾಂಕಿನಲ್ಲಿ ಮಾತಾಡುವುದಕ್ಕೆ ಅಪ್ಪ ಅಮ್ಮನಿಗೆ ಹಕ್ಕು ಬೇಕು, ಕೋರ್ಟಿನಲ್ಲಿ ಪಾಲಕರು ಎಂದು ಮಾಡಿಸಿಕೊಳ್ಳಿ ಎಂದು ತಿಳಿದವರು ಸಲಹೆ ಕೊಟ್ಟರು. ಒಬ್ಬ ವಕೀಲರು ಕಾಗದ ತಯಾರು ಮಾಡಿದರು. ಗಂಡ ಹೆಂಡತಿ ಸಹಿ ಹಾಕಿದರು. ಆದೇಶ ಬಂತು. ಅದನ್ನು ಫೈಲಿಗೆ ಸೇರಿಸಿ ಮರೆತರು.

ಕೆಲವು ವರ್ಷ ಕಳೆದ ಮೇಲೆ ಒಂದು ನವೆಂಬರಿನಲ್ಲಿ ವಸುಧಾ ಅಂಗಡಿಯಿಂದ ಬಂದವಳು, "ಅಪ್ಪ, ನನ್ನ ಕವರ್ ಎಲ್ಲಿ?" ಎಂದು ಕೇಳಿದಳು. ಈ ರಾಜ್ಯದಲ್ಲಿ ಮತಪತ್ರ ಪೋಸ್ಟಿನಲ್ಲಿ ಮನೆಗೇ ಬರುತ್ತದೆ. ಅಪ್ಪನ ಹೆಸರಿಗೊಂದು, ಅಮ್ಮನ ಹೆಸರಿಗೊಂದು, ಎರಡು ಕವರು ಬಂದಿದ್ದವು. ಅಂಗಡಿಯಲ್ಲಿ ಎಲ್ಲರೂ ತಮ್ಮ ತಮ್ಮ ವೋಟಿನ ಮಾತಾಡುತ್ತಿದ್ದರಂತೆ. ಮೂರನೇ ಕವರು ಯಾಕೆ ಬರಲಿಲ್ಲ? ಅವರು ಫೈಲು ತೆಗೆದು ನೋಡಿದರು. ಆದೇಶದ ಒಳಗೆ ಒಂದು ಸಾಲಿತ್ತು. ಮಗಳ ಮತದ ಹಕ್ಕನ್ನೂ ಅದು ತೆಗೆದಿತ್ತು.

"ಬದುಕಿಡೀ ಬೇರೆಯವರು ಬರೆದ ಹಾಳೆ ಓದಿ ತಪ್ಪು ಹುಡುಕಿ ಸಂಬಳ ತಗೊಂಡೋನು ನಾನು. ನನ್ನ ಮಗಳ ಹಾಳೆ ಓದದೆ ಸೈನ್ ಹಾಕಿದೆ."

ಆ ಸಾಲಿನ ಬೇರು ಹುಡುಕಿಕೊಂಡು ಹೋಗಿ ಅವರು ರಾಜ್ಯದ ಸಂವಿಧಾನದವರೆಗೆ ತಲುಪಿದರು. ಬುದ್ಧಿ ಸರಿಯಿಲ್ಲವೆಂದು ಕೋರ್ಟು ತೀರ್ಮಾನಿಸಿದವರಿಗೆ ಮತವಿಲ್ಲ ಎಂದು ಅದರಲ್ಲಿದೆ. ಮೊದಲು ಬರೆದಾಗ ಅಲ್ಲಿ ಇದ್ದ ಶಬ್ದ ಈಡಿಯಟ್. ಬೈಗುಳವಾಗಿ ಅಲ್ಲ, ಕಾನೂನಿನ ಶಬ್ದವಾಗಿ. ಎಷ್ಟೋ ಕಾಲದ ಮೇಲೆ ಅದನ್ನು ತೆಗೆದು ಮರ್ಯಾದೆಯ ಶಬ್ದ ಹಾಕಿದರು. "ಬಾಗಿಲಿಗೆ ಬಣ್ಣ ಹೊಡೆದ್ರು, ಬೀಗ ಹಾಗೇ ಬಿಟ್ರು" ಎಂದರು.

ನಾನು ಕೇಳಿದೆ, "ಅದೇ ಕೋರ್ಟಿಗೆ ಹೋಗಿ ಹಕ್ಕು ವಾಪಸ್ ಕೊಡಿ ಅಂತ ಕೇಳಕ್ಕಾಗಲ್ವಾ ಸರ್?"

"ಆಗುತ್ತೆ. ಅರ್ಜಿ ಹಾಕ್ಬೇಕು, ಜಡ್ಜ್ ಮುಂದೆ ಅವಳನ್ನ ನಿಲ್ಲಿಸ್ಬೇಕು, ಅವರು ಪ್ರಶ್ನೆ ಕೇಳ್ತಾರೆ. ನಾನು ವೋಟು ಹಾಕಕ್ಕೆ ಮುಂಚೆ ನನ್ನನ್ನ ಯಾರಾದ್ರೂ ಪ್ರಶ್ನೆ ಕೇಳಿದ್ರಾ? ನನ್ನ ಮಗಳು ಮಾತ್ರ ಯಾಕೆ ಪರೀಕ್ಷೆಗೆ ಕೂರ್ಬೇಕು? ಅವಳಿಗೊಬ್ಬಳಿಗೆ ಸಿಕ್ಕಿದ್ರೆ, ಕೇಳೋರಿಲ್ಲದ ಮಿಕ್ಕ ಮಕ್ಕಳ ಗತಿ ಏನು? ಸಾಲೇ ಹೋಗ್ಬೇಕು ಕಣಯ್ಯ."

ಇದಕ್ಕಾಗಿ ಅವರು ಊರೂರಿನ ಗ್ರಂಥಾಲಯಗಳಲ್ಲಿ ನಡೆಯುವ ಸಭೆಗಳಿಗೆ ಹೋದರು. ಪತ್ರ ಬರೆದರು. ಪ್ರತಿನಿಧಿಗಳ ಕಚೇರಿಗೆ ಫೋನು ಮಾಡಿ, ಹೆಸರಿನ ಅಕ್ಷರ ಒಂದೊಂದಾಗಿ ಹೇಳಿ ಬರೆಸಿದರು. ಒಮ್ಮೆ ಇಸ್ಸಾಕ್ವಾದಲ್ಲಿ, ರಾಜ್ಯದ ಸಂವಿಧಾನವನ್ನು ಪೂರ್ತಿ ಹೊಸದಾಗಿ ಬರೆಯಬೇಕೆ ಎಂಬ ಚರ್ಚೆ ಇತ್ತು. ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೆ. ಇಪ್ಪತ್ತು ಜನ ಇದ್ದರೇನೋ. ಅವರು ಎದ್ದು ನಿಂತು ತಮ್ಮ ಮಾತು ಹೇಳಿದರು, ಗಾಳಿಯಲ್ಲಿ ಗೆರೆ ಎಳೆದರು. ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ, ನಿವೃತ್ತ ಶಾಲಾ ಶಿಕ್ಷಕಿಯಂತೆ, ಮೆಲ್ಲಗೆ ಹೇಳಿದಳು: "ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಇಡೀ ಮನೆ ಕೆಡವಿ ಹೊಸದು ಕಟ್ಟುವಾಗ ನಕ್ಷೆ ಬರೆಯುವವರು ನೀವಾಗಿರುವುದಿಲ್ಲ. ಹೊಸ ಮನೆಯಲ್ಲಿ ನಿಮ್ಮ ಮಗಳಿಗೆ ಕೋಣೆ ಇಡುತ್ತಾರೆ ಎಂದು ಯಾರು ಹೇಳಿದರು? ಇರುವ ಕೋಣೆಗಳೂ ಹೋಗಬಹುದು. ಈಗಿನ ಕಾಲ ನೋಡಿದ್ದೀರಲ್ಲ."

ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ಕೂತರು. ವಾಪಸ್ ಬರುವಾಗ ಗಾಡಿಯಲ್ಲಿ ಅರ್ಧ ದಾರಿ ಕಳೆದ ಮೇಲೆ, "ಆಯಮ್ಮ ಹೇಳಿದ್ದು ಸರಿ. ಎಲ್ಲಾ ಬಿಚ್ಚಿ ಹರಡಿದ್ರೆ, ವಾಪಸ್ ಜೋಡಿಸೋವಾಗ ಯಾರ ಕೈ ಮೇಲಿರುತ್ತೋ" ಎಂದರು. ಇಡೀದನ್ನು ಬರೆಯಬೇಕು ಎನ್ನುವ ಮಾತು ಅವರ ಬಾಯಲ್ಲಿ ಆಮೇಲೆ ನಾನು ಕೇಳಲಿಲ್ಲ. ಒಂದು ಸಾಲು ಹೋದರೆ ಸಾಕು ಎಂಬಲ್ಲಿಗೆ ಇಳಿದರು. ಅದಕ್ಕೂ ರಾಜ್ಯದ ಎರಡೂ ಸದನಗಳು ಒಪ್ಪಬೇಕು, ಆಮೇಲೆ ಜನ ವೋಟು ಹಾಕಿ ಒಪ್ಪಬೇಕು.

ಇನ್ನು ಮುಂದಿನದನ್ನು ಬರೆಯುವುದಕ್ಕೆ ನನಗೆ ಕಷ್ಟ.

ಹೋದ ವರ್ಷದ ಚಳಿಗಾಲದಲ್ಲಿ ಆ ಸಾಲನ್ನು ತೆಗೆಯುವ ಒಂದು ಪ್ರಸ್ತಾಪದ ಬಗ್ಗೆ ಜನರ ಅಭಿಪ್ರಾಯ ಕೇಳುವ ಸಭೆ ರಾಜಧಾನಿ ಒಲಿಂಪಿಯಾದಲ್ಲಿ ಇದೆ ಎಂದು ಗೊತ್ತಾಯಿತು. ಮನೆಯಲ್ಲೇ ಕೂತು ವಿಡಿಯೋದಲ್ಲಿ ಮಾತಾಡಬಹುದಿತ್ತು. ಅವರು ಒಪ್ಪಲಿಲ್ಲ. "ಅವಳನ್ನ ಕಣ್ಣಾರೆ ನೋಡಿ ಇಲ್ಲ ಅನ್ನಲಿ." ವಸುಧಾ ಎರಡು ವಾರ ಕೂತು ನಾಲ್ಕು ವಾಕ್ಯ ಬರೆದಿದ್ದಳು. ಹೃದಯದ ತೊಂದರೆಯಿಂದ ಅವರು ಅಷ್ಟರಲ್ಲಿ ಗಾಡಿ ಓಡಿಸುವುದು ಬಿಟ್ಟಿದ್ದರು. ಅವರ ಹೆಂಡತಿ ಫ್ರೀವೇ ಮೇಲೆ ಓಡಿಸುತ್ತಿರಲಿಲ್ಲ. "ನಾನು ಕರ್ಕೊಂಡು ಹೋಗ್ತೀನಿ ಸರ್" ಎಂದು ಮಾತು ಕೊಟ್ಟೆ.

ಹಿಂದಿನ ರಾತ್ರಿ, ಮರುದಿನ ಆಫೀಸಿನಲ್ಲಿ ಒಂದು ಮೀಟಿಂಗ್ ಇದೆ ಎಂದು ಮೇಲ್ ಬಂತು. ಹೊಸ ಮ್ಯಾನೇಜರು, ಸಿಯಾಟಲ್ ನಡುಪೇಟೆಯ ಡೆನ್ನಿ ಟ್ರಯಾಂಗಲ್‌ನ ಕಟ್ಟಡಕ್ಕೆ ಎಲ್ಲರೂ ಖುದ್ದಾಗಿ ಬರಬೇಕು ಎಂದಿದ್ದ. ಬೆಳಗ್ಗೆ ಆರು ಗಂಟೆಗೆ ಅವರಿಗೆ ಮೆಸೇಜ್ ಹಾಕಿದೆ: ಸಾರಿ ಸರ್, ಅರ್ಜೆಂಟ್ ಕೆಲಸ, ಬರಕ್ಕಾಗ್ತಿಲ್ಲ. ಫೋನು ಮಾಡುವ ಧೈರ್ಯ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಮೀಟಿಂಗು ನಾನಿಲ್ಲದೆ ನಡೆಯುತ್ತಿತ್ತು. ಈ ಪ್ರಸ್ತಾಪ ಹೇಗೂ ಬಿದ್ದುಹೋಗುತ್ತದೆ, ಸುಮ್ಮನೆ ರಜಾ ಯಾಕೆ ಹಾಳು ಮಾಡಲಿ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಇತ್ತು. ಅದನ್ನು ಇಲ್ಲಿಯವರೆಗೆ ನನ್ನ ಹೆಂಡತಿಗೂ ಹೇಳಿಲ್ಲ.

ಅವರು "ಆಗಲಿ, ನೀನು ಕೆಲಸ ನೋಡ್ಕೋ" ಎಂದು ಉತ್ತರ ಬರೆದು, ಮಗಳನ್ನು ಕರೆದುಕೊಂಡು ಬಸ್ಸು ಹತ್ತಿದರು. ಸಿಯಾಟಲ್‌ಗೆ ಒಂದು ಬಸ್ಸು, ಅಲ್ಲಿಂದ ಟಕೋಮಾಗೆ ಒಂದು, ಅಲ್ಲಿಂದ ಇನ್ನೊಂದು. ಟಕೋಮಾದಲ್ಲಿ ಒಂದು ಬಸ್ಸು ತಪ್ಪಿತು. ಅವರು ತಲುಪುವ ಹೊತ್ತಿಗೆ ಮಾತಾಡುವವರ ಪಟ್ಟಿ ಮುಗಿದು, ಸಭೆ ಬೇರೆ ವಿಷಯಕ್ಕೆ ಹೋಗಿತ್ತು.

ಭಾನುವಾರ ನಾನು ಮುಖ ತಗ್ಗಿಸಿಕೊಂಡು ಹೋದೆ. ನಾನೇ ಕೇಳಿದ ಮೇಲೆ ಹೇಳಿದರು. "ಹೊರಗಡೆ ಒಂದು ಬೆಂಚಿತ್ತು. ಅಲ್ಲಿ ಕೂತ್ವಿ. ಇಷ್ಟು ದೂರ ಬಂದಿದೀವಲ್ಲ, ನನಗೇ ಓದು ಅಂದೆ. ನಿಂತ್ಕೊಂಡು ಓದಿದ್ಲು ಕಣಯ್ಯ, ನಾಲ್ಕೂ ವಾಕ್ಯ. ಒಬ್ಬ ಸಿಟಿಜನ್ ಆದ್ರೂ ಕೇಳಿದ ಅಂತ ಆಯ್ತಲ್ಲ." ಮತ್ತೆ ನಾಲ್ಕು ಹೆಜ್ಜೆ ನಡೆದು, "ಚೆನ್ನಾಗಿ ಓದಿದ್ಲು" ಎಂದರು.

ಪ್ರಸ್ತಾಪ ಆ ಸಮಿತಿಯಿಂದ ಹೊರಗೆ ಬರಲೇ ಇಲ್ಲ. ನಾನು ಊಹಿಸಿದಂತೆಯೇ ಆಯಿತು. ಅದರಿಂದ ನನಗೆ ಯಾವ ಸಮಾಧಾನವೂ ಸಿಗಲಿಲ್ಲ.

ಈ ವರ್ಷದ ವಸಂತದಲ್ಲಿ ಡಾಕ್ಟರು ಅವರಿಗೆ ಹೃದಯ ತುಂಬಾ ದಣಿದಿದೆ ಎಂದು ಹೇಳಿದರು. ಆಮೇಲಿನ ಭಾನುವಾರ ಅವರಿಗೆ ನಡೆಯಲಾಗದ್ದರಿಂದ ನಾವು ಅವರ ಮನೆಯ ಹಿಂದಿನ ಹುಲ್ಲಿನಲ್ಲೇ ಕುರ್ಚಿ ಹಾಕಿಕೊಂಡು ಕೂತೆವು. "ಅರ್ಜಿ ಹಾಕ್ತೀನಿ ಕಣಯ್ಯ" ಎಂದರು.

"ಯಾವ ಅರ್ಜಿ ಸರ್?"

"ವಸುಧಾದು. ಕೋರ್ಟಿಗೆ. ಸಂವಿಧಾನ ಬರೆಯೋರು ಯಾವಾಗಾದ್ರೂ ಬರೀಲಿ. ನಾನು ಹೋದ ಮೇಲೆ ಇವಳ ಕವರ್ ಎಲ್ಲಿ ಅಂತ ಕೇಳಕ್ಕೆ ಯಾರಿದಾರೆ?"

ಸೋಲು ಒಪ್ಪಿಕೊಂಡವರ ದನಿ ಅದು. ಅವರ ಬಾಯಲ್ಲಿ ಅದನ್ನು ನಾನು ಅದೇ ಮೊದಲು ಕೇಳಿದ್ದು.

ಜುಲೈನಲ್ಲಿ ಕೋರ್ಟಿಗೆ ಮೂವರನ್ನೂ ನಾನೇ ಕರೆದುಕೊಂಡು ಹೋದೆ. ಹಿಂದಿನ ದಿನವೇ ಗಾಡಿಗೆ ಪೆಟ್ರೋಲು ಹಾಕಿಸಿ, ಫೋನು ಆಫ್ ಮಾಡಿ ಇಟ್ಟಿದ್ದೆ. ನ್ಯಾಯಾಧೀಶೆ ಐವತ್ತರ ಆಸುಪಾಸಿನ ಹೆಂಗಸು. ವಸುಧಾ ನೀಲಿ ಚೂಡಿದಾರ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಎಲ್ಲಿ ಕೆಲಸ, ಏನು ಕೆಲಸ ಎಂದು ಕೇಳಿದರು. ಮೊಟ್ಟೆಯ ವಿಷಯ ಹೇಳಿದಳು. ವೋಟು ಅಂದರೆ ಏನು ಎಂದು ಕೇಳಿದರು. ವಸುಧಾ ಅಪ್ಪನ ಕಡೆ ನೋಡಲಿಲ್ಲ. ಸ್ವಲ್ಪ ಯೋಚಿಸಿ, ಇಂಗ್ಲಿಷಿನಲ್ಲಿ ನಿಧಾನವಾಗಿ, "ಅವರು ನನ್ನನ್ನೂ ಕೇಳಬೇಕು, ಅದು ವೋಟು" ಎಂದಳು. ನ್ಯಾಯಾಧೀಶೆ ತಲೆ ಬಗ್ಗಿಸಿ ಏನೋ ಬರೆದುಕೊಂಡರು. ಎಲ್ಲಾ ಸೇರಿ ಇಪ್ಪತ್ತು ನಿಮಿಷ ಹಿಡಿಯಲಿಲ್ಲ. ಹಕ್ಕು ವಾಪಸ್ ಬಂತು.

ಹೊರಗೆ ಬಂದ ಮೇಲೆ ಅವರ ಹೆಂಡತಿ ಮಗಳನ್ನು ಅಪ್ಪಿಕೊಂಡರು. ಅಪ್ಪ ಮೆಟ್ಟಿಲ ಪಕ್ಕದ ಕಂಬ ಹಿಡಿದು ನಿಂತು ಅಳುತ್ತಿದ್ದರು. ನಾನು ಸಂತೋಷಕ್ಕೆ ಎಂದುಕೊಂಡು ಹತ್ತಿರ ಹೋಗಿ, "ಗೆದ್ರಿ ಸರ್" ಎಂದೆ. ಅವರು ನನ್ನ ತೋಳು ಹಿಡಿದುಕೊಂಡರು.

"ಇಷ್ಟು ಸುಲಭ ಇತ್ತೇನಯ್ಯ? ಇಪ್ಪತ್ತು ನಿಮಿಷ? ಹದಿನೈದು ವರ್ಷ ಇವಳು ಕವರ್ ಎಲ್ಲಿ ಅಂತ ಕೇಳಿದ್ಲು. ಸಾಲು ಹೋಗಲಿ, ಸಾಲು ಹೋಗಲಿ ಅಂತ ಹಟ ಹಿಡಿದು ಇವಳನ್ನ ಕಾಯಿಸಿದೋನು ನಾನೇ ಅಲ್ವೇನಯ್ಯ?"

ನಾನು ಏನೂ ಹೇಳಲಿಲ್ಲ. ಹೇಳಬಹುದಿತ್ತು. ನಿಮ್ಮ ಹಟ ತಪ್ಪಲ್ಲ, ಆ ಸಾಲು ಇರಬಾರದು ಅಂದಿರಿ, ಅದು ಇರಲೇಬಾರದು ಎಂದು ಹೇಳಬಹುದಿತ್ತು. ಮಗುವಿನಂತೆ ನೋಡುವವರ ಮಧ್ಯೆ ಅವಳನ್ನು ಹೆಸರು ಹಿಡಿದು ಕರೆಸಿದವರು ನೀವು, ಅಲ್ಲಿ ನೆಟ್ಟಗೆ ಕೂತು ಉತ್ತರ ಕೊಟ್ಟದ್ದು ಅದರಿಂದಲೇ ಎಂದು ಹೇಳಬಹುದಿತ್ತು. ಇವೆಲ್ಲ ನನಗೆ ಹೊಳೆದದ್ದು ಅವರು ಹೋದ ಮೇಲೆ.

ಸೆಪ್ಟೆಂಬರ್ ಕೊನೆಯ ವಾರ, ಬೆಳಗಿನ ಕಾಫಿ ಕುಡಿದು ಪೇಪರು ಹಿಡಿದವರು ಹಾಗೇ ಒರಗಿದರಂತೆ. ಪಕ್ಕದಲ್ಲಿ ವಸುಧಾ ಇದ್ದಳು.

ಅಕ್ಟೋಬರಿನ ಒಂದು ಶನಿವಾರ ಅವರ ಹೆಂಡತಿ ಫೋನು ಮಾಡಿದರು. "ಬಿಡುವಿದ್ರೆ ಬಂದು ಹೋಗಪ್ಪ. ವೋಟಿನ ಕಾಗದ ಬಂದಿದೆ. ನೀನು ಇರಬೇಕಂತೆ, ವಸುಧಾ ಹೇಳ್ತಿದಾಳೆ."

ಹೋದೆ. ಊಟದ ಮೇಜಿನ ಮೇಲೆ ಮೂರು ಕವರುಗಳನ್ನು ವಸುಧಾ ಸಾಲಾಗಿ ಜೋಡಿಸಿದ್ದಳು. ಅಮ್ಮನದು, ತನ್ನದು, ಅಪ್ಪನದು. ಅವರು ತೀರಿಕೊಂಡ ಸುದ್ದಿ ಮತದಾರರ ಪಟ್ಟಿ ಮಾಡುವವರಿಗೆ ಇನ್ನೂ ತಲುಪಿರಲಿಲ್ಲ. ಅಮ್ಮ ಅವರ ಕವರಿನ ಮೇಲೆ, ಇವರು ತೀರಿಕೊಂಡಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆದು ಪಕ್ಕಕ್ಕೆ ಇಟ್ಟರು.

"ಅಪ್ಪಂದು ಯಾಕೆ ವಾಪಸ್ ಕಳಿಸ್ತೀಯ?" ವಸುಧಾ ಕೇಳಿದಳು.

"ಅಪ್ಪ ಇಲ್ವಲ್ಲ ಕಂದ. ಇಲ್ಲದೋರು ವೋಟು ಹಾಕೋ ಹಾಗಿಲ್ಲ."

ಅವಳು ನನ್ನ ಕಡೆ ತಿರುಗಿದಳು. "ಜಡ್ಜ್ ಹತ್ರ ಹೋಗಿ ಕೇಳೋಣ. ನಂದು ಕೊಟ್ರಲ್ಲ."

ಅಮ್ಮ ಎದ್ದು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು. ನಾನು, "ಇದನ್ನ ಜಡ್ಜ್ ಕೊಡಕ್ಕಾಗಲ್ಲ ವಸುಧಾ" ಎಂದೆ. ಅವಳು ಸ್ವಲ್ಪ ಹೊತ್ತು ಅಪ್ಪನ ಹೆಸರನ್ನೇ ನೋಡಿ, ತನ್ನ ಕವರನ್ನು ಬಿಚ್ಚಿದಳು.

ಒಂದೂವರೆ ಗಂಟೆ ಹಿಡಿಯಿತು. ಎಡಗೈಯನ್ನು ಅಡ್ಡ ಇಟ್ಟುಕೊಂಡು, ಯಾರಿಗೂ ಕಾಣದಂತೆ ಒಂದೊಂದೇ ಓದಿ ಗುರುತು ಹಾಕಿದಳು. ಎರಡು ಸಲ ನನ್ನನ್ನು ಒಂದು ಶಬ್ದದ ಅರ್ಥ ಕೇಳಿದಳು. ಕವರಿನ ಹಿಂದೆ ಸಹಿ ಹಾಕುವಾಗ ಉಸಿರು ಬಿಗಿಹಿಡಿದಿದ್ದಳು. ಆಮೇಲೆ ಮೂವರೂ ಮತಪೆಟ್ಟಿಗೆ ಇರುವಲ್ಲಿಗೆ ಹೋದೆವು. ಅವಳೇ ಗಾಡಿಯಿಂದ ಇಳಿದು ಹೋಗಿ ಹಾಕಿದಳು. ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿ ಬಂದಳು.

ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಕೇಳಿದಳು, "ಅಪ್ಪ ಯಾರಿಗೆ ಹಾಕ್ತಿದ್ರು?"

"ನಂಗೆ ಗೊತ್ತಿಲ್ಲಮ್ಮ. ಅವರು ಯಾರಿಗೂ ಹೇಳ್ತಿರಲಿಲ್ಲ. ವೋಟು ಸೀಕ್ರೆಟ್ ಅಲ್ವಾ?"

"ನಂದೂ ಸೀಕ್ರೆಟ್" ಎಂದಳು ಗಂಭೀರವಾಗಿ. ಅವಳ ಅಮ್ಮ ಹಿಂದೆ ತಿರುಗಿ, ಹೌದು ಎಂಬಂತೆ ತಲೆಯಾಡಿಸಿದರು.

ಸಿಗ್ನಲಿನಲ್ಲಿ ಗಾಡಿ ನಿಂತಿತ್ತು. ಕನ್ನಡಿಯಲ್ಲಿ ನೋಡಿದೆ. ವಸುಧಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅಪ್ಪ ಹೋದ ದಿನವೂ ಅಳದಿದ್ದವಳ ಗಲ್ಲ ಒದ್ದೆಯಾಗಿತ್ತು.

"ಅಪ್ಪಂಗೆ ಮಾತ್ರ ಹೇಳ್ಬೇಕು ಅಂತಿದ್ದೆ" ಎಂದಳು.